ಮಳೆಗಾಲದ ಡೇರೆಗೆ ಬೇಸಿಗೆಯ ಆರೈಕೆ

ಅಟ್ಟದಿಂದ ಇಳಿಸಿ ಮುಂದಿಟ್ಟುಕೊಂಡಿರುವ ಈ ಸುಕ್ಕುಗಟ್ಟಿದ ಗಡ್ಡೆಗಳು ಡೇರೆ, ಅಂದರೆ ಡೇಲಿಯಾ ಹೂವಿನವು. ಬಯಲುಸೀಮೆಯಲ್ಲಿ ಡೇರೆ ಚಳಿಗಾಲದ ಹೂವು. ನಮ್ಮ ಶಿರಸಿ, ಸಾಗರದ ಕಡೆ ಅದು ಅಪ್ಪಟ ಮಳೆಗಾಲದ್ದು. ಅದರ ತವರು ಮೆಕ್ಸಿಕೋದ ಎತ್ತರದ ತಂಪು ನೆಲ. ಅಲ್ಲಿಯೂ ಅದು ಮಳೆ ಬಿದ್ದಾಗ ಚಿಗುರಿ, ಒಣ ತಿಂಗಳುಗಳಲ್ಲಿ ಮಣ್ಣಿನೊಳಗೆ ಗಡ್ಡೆಯಾಗಿ ಮಲಗುತ್ತದೆ. ಮಲೆನಾಡು ಅದಕ್ಕೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಗಡ್ಡೆಯ ಕುತ್ತಿಗೆಯನ್ನು ಹತ್ತಿರದಿಂದ ನೋಡಿ. ಹಳೆಯ ಕಾಂಡಕ್ಕೆ ಅಂಟಿದ ಜಾಗದಲ್ಲಿ ರಾಗಿ ಕಾಳಿನಷ್ಟು ಉಬ್ಬಿದೆಯಲ್ಲ, ಅದೇ ಕಣ್ಣು. ಹಿಳ್ಳು, ಅಂದರೆ ಹೊಸ ಚಿಗುರು, ಹೊರಡುವುದು ಅಲ್ಲಿಂದ ಮಾತ್ರ. ಎಷ್ಟೇ ದಪ್ಪ ಗಡ್ಡೆಯಾದರೂ ಕಣ್ಣಿಲ್ಲದಿದ್ದರೆ ಗಿಡವಾಗದು. ಗೊಂಚಲಿನಿಂದ ಗಡ್ಡೆ ಬಿಡಿಸುವಾಗ ಕುತ್ತಿಗೆ ಮುರಿಯದಂತೆ ಕೈ ಹಗುರವಾಗಿರಲಿ.

ರೋಹಿಣಿ ಮಳೆಯ ಹೊತ್ತಿಗೆ ಕಾಡುಮಣ್ಣು, ಮರಳು, ಹಳೆಯ ಗೊಬ್ಬರ ಬೆರೆಸಿ ನೆಡುತ್ತೇನೆ. ಮೊಳಕೆ ಕಾಣುವವರೆಗೆ ನೀರು ತೀರಾ ಕಡಿಮೆ. ಮೂರು ನಾಲ್ಕು ಜೋಡಿ ಎಲೆ ಬಂದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಬಿದಿರು ಕಡ್ಡಿಯ ಆಸರೆ ಆಗಲೇ ಬೇಕು.

ಆರಿದ್ರಾ ಮಳೆ ಹಿಡಿದ ಮೇಲೆ ಕುಂಡಗಳೆಲ್ಲ ಸೂರಂಚಿನ ಕೆಳಗೆ. ಡೇರೆಯ ಕಾಂಡ ಟೊಳ್ಳು. ಮುರಿದ ತುದಿಯಿಂದ ನೀರು ಇಳಿದರೆ ಬುಡವೇ ಕೊಳೆಯುತ್ತದೆ. ರಾತ್ರಿ ಟಾರ್ಚ್ ಹಿಡಿದು ಬಸವನಹುಳುಗಳನ್ನು ಹೆಕ್ಕುವ ಕೆಲಸ ತಪ್ಪುವುದಿಲ್ಲ. ಎಳೆಯ ಹಿಳ್ಳೆಂದರೆ ಅವಕ್ಕೆ ಹಬ್ಬ. ದೊಡ್ಡ ಹೂವು ಬೇಕಿದ್ದರೆ ತುದಿಯಲ್ಲಿ ಒಟ್ಟಾಗಿ ಬರುವ ಮೂರು ಮೊಗ್ಗುಗಳಲ್ಲಿ ನಡುವಿನದನ್ನು ಉಳಿಸಿ ಅಕ್ಕಪಕ್ಕದವನ್ನು ತೆಗೆಯಬೇಕು. ಮನಸ್ಸು ಒಪ್ಪುವುದು ಕಷ್ಟ, ಆದರೂ ತೆಗೆಯಿರಿ. ಚೌತಿಯ ಹೊತ್ತಿಗೆ ಅಂಗೈ ತುಂಬುವಂಥ ಹೂವು ಸಿಗುತ್ತದೆ.

ಹೂವಿನ ಕಾಲದಲ್ಲಿ ಎಲ್ಲರೂ ಗಿಡದ ಹತ್ತಿರ ಬರುತ್ತಾರೆ. ನನ್ನ ಪ್ರಕಾರ ನಿಜವಾದ ಆರೈಕೆ ಶುರುವಾಗುವುದು ಹೂವು ಮುಗಿದ ಮೇಲೆ. ದೀಪಾವಳಿಯ ನಂತರ ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಗೇಣುದ್ದ ಕಾಂಡ ಬಿಟ್ಟು ಕತ್ತರಿಸುತ್ತೇನೆ. ಮಣ್ಣು ಒಣಗಿದ ಮೇಲೆ ಗೊಂಚಲು ಅಗೆದು, ನೆರಳಲ್ಲಿ ಆರಿಸಿ, ಒಣ ಮರಳಿನಲ್ಲಿ ಹುದುಗಿಸಿ ಅಟ್ಟಕ್ಕೇರಿಸುವುದು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಇಳಿಸಿ ನೋಡಬೇಕು: ಕೊಳೆತಿದ್ದನ್ನು ಎಸೆಯಿರಿ, ತೀರಾ ಸೊರಗಿದ್ದರೆ ಮರಳಿಗೆ ನಾಲ್ಕು ಹನಿ ನೀರು ಚಿಮುಕಿಸಿ.

ಗಡ್ಡೆ ನೋಡಿ ಹೂವಿನ ಬಣ್ಣ ಹೇಳಲಾಗದು. ಅದಕ್ಕೇ ಗಿಡ ಹೂವಿನಲ್ಲಿರುವಾಗಲೇ ಬುಡಕ್ಕೊಂದು ಚೀಟಿ ಕಟ್ಟಿಡಿ. ನಮ್ಮಲ್ಲಿ ಗಡ್ಡೆಗಳು ಮನೆಯಿಂದ ಮನೆಗೆ ಕೈ ಬದಲಾಗುತ್ತಲೇ ಇರುತ್ತವೆ, ಕೊಡುವಾಗ ಬಣ್ಣ ಗೊತ್ತಿರಬೇಕಲ್ಲ. ಕೆಂಪು ಎಸಳಿಗೆ ಬಿಳಿ ತುದಿಯಿರುವ ಡೇರೆ ನಿಮ್ಮಲ್ಲಿದ್ದರೆ ಒಂದು ಗಡ್ಡೆ ನನಗಾಗಿ ತೆಗೆದಿಡಿ. ಬದಲಿಗೆ ಕೊಡಲು ನನ್ನಲ್ಲಿ ದಟ್ಟ ನೇರಳೆ ಬಣ್ಣದ್ದಿದೆ.