ಅಂಕಿ ಕಣ್ಣಿಗೆ ಕಾಣ್ಬೇಕು

ಎಲ್ಲಾ ಕೇಳುಗರಿಗೂ ನಮಸ್ಕಾರ. ಇವತ್ತಿನ ಮಾತು ಅಂಕಿಗಳನ್ನ ಚಿತ್ರ ಮಾಡಿ ತೋರ್ಸೋದರ ಬಗ್ಗೆ, ಆದ್ರೆ ರೇಡಿಯೋದಲ್ಲಿ ಚಿತ್ರ ತೋರ್ಸೋಕಾಗಲ್ಲ, ಹಾಗಾಗಿ ಒಂದು ಹಾಳೆ, ಪೆನ್ನು, ಮಕ್ಕಳ ಕಂಪಾಸ್ ಬಾಕ್ಸಲ್ಲಿರೋ ಸ್ಕೇಲು ತಗೊಂಡು ಕೂತ್ಕೊಳ್ಳಿ, ನಾನು ಹೇಳ್ತಾ ಹೋಗ್ತೀನಿ, ನೀವು ಗೀಚ್ತಾ ಹೋಗಿ.

ಮಳೆಗಾಲದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ವಾಟ್ಸಾಪ್ ಗ್ರೂಪುಗಳಲ್ಲಿ ತಾಲೂಕುವಾರು ಮಳೆ ಲೆಕ್ಕ ಓಡಾಡ್ತಿರುತ್ತೆ, ಹನ್ನೆರಡು ತಾಲೂಕು, ಇಂದು ಬಿದ್ದದ್ದು, ಜೂನ್‌ನಿಂದ ಬಿದ್ದದ್ದು, ವಾಡಿಕೆ ಎಷ್ಟು, ಎಲ್ಲಾ ಸೇರಿ ಒಂದು ದೊಡ್ಡ ಟೇಬಲ್. ಅದನ್ನ ಚಂದ ಮಾಡೋಣ ಅಂತ ಯಾರೋ ಹನ್ನೆರಡು ಬಣ್ಣದ ಪೈ ಚಾರ್ಟ್, ಅಂದ್ರೆ ಹೋಳು ಹೋಳಾಗಿ ಕತ್ತರಿಸಿದ ರೊಟ್ಟಿ ಥರದ ದುಂಡು ಚಿತ್ರ, ಮಾಡಿ ಹಾಕ್ತಾರೆ. ಮಾಡಿದವರ ಶ್ರದ್ಧೆ ನನಗೆ ಗೊತ್ತಾಗುತ್ತೆ, ಆದ್ರೂ ಆ ಚಿತ್ರ ಏನೂ ಹೇಳಲ್ಲ. ಯಾಕಂದ್ರೆ ಪೈ ಅಂದ್ರೆ ಒಂದು ಇಡೀ ವಸ್ತು ಹೇಗೆ ಪಾಲಾಯ್ತು ಅಂತ ತೋರಿಸೋದು. ಪಂಚಾಯ್ತಿ ಬಜೆಟ್ಟಿನಲ್ಲಿ ರಸ್ತೆಗೆ ಎಷ್ಟು, ನೀರಿಗೆ ಎಷ್ಟು ಅಂದ್ರೆ ಸರಿ. ಮಳೆ ಮಿಲಿಮೀಟರ್ ಲೆಕ್ಕ ಹಾಗಲ್ಲ, ಅದು ನೀರಿನ ಆಳ, ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು ಬಿದ್ರೆ ಒಂದು ಮಿಲಿಮೀಟರ್. ಕುಮಟಾದ ಆಳವನ್ನೂ ಹಳಿಯಾಳದ ಆಳವನ್ನೂ ಕೂಡಿಸಿದ್ರೆ ಬರೋ ಮೊತ್ತಕ್ಕೆ ಅರ್ಥವೇ ಇಲ್ಲ, ಅರ್ಥ ಇಲ್ಲದ ಮೊತ್ತಕ್ಕೆ ಪಾಲು ಎಲ್ಲಿಂದ ಬರ್ಬೇಕು?

ಈಗ ಹಾಳೆ ತಗೊಳ್ಳಿ. ಎಡಗಡೆ ಒಂದರ ಕೆಳಗೊಂದು ತಾಲೂಕಿನ ಹೆಸರು ಬರೀರಿ, ಆದ್ರೆ ಅಕಾರಾದಿಯಲ್ಲಿ ಬೇಡ. ಮೊದಲು ಕರಾವಳಿಯ ಐದು, ದಕ್ಷಿಣದಿಂದ ಉತ್ತರಕ್ಕೆ ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ. ಆಮೇಲೆ ಘಟ್ಟದ ಮೇಲಿನ ಸಿದ್ದಾಪುರ, ಶಿರಸಿ, ಯಲ್ಲಾಪುರ, ಜೋಯಿಡಾ. ಕಡೆಗೆ ದಾಂಡೇಲಿ, ಹಳಿಯಾಳ, ಮುಂಡಗೋಡ. ಪ್ರತಿ ಹೆಸರಿನ ಮುಂದೆ ವರ್ಷದ ಮಳೆಯಷ್ಟು ಉದ್ದದ ಪಟ್ಟಿ ಎಳೀರಿ, ನೂರು ಮಿಲಿಮೀಟರಿಗೆ ಸ್ಕೇಲಲ್ಲಿ ಎರಡು ಮಿಲಿಮೀಟರ್ ಅಂತ ಇಟ್ಕೊಳ್ಳಿ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಬೀಳುತ್ತೆ, ಅಲ್ಲಿ ಪಟ್ಟಿ ಆರು ಸೆಂಟಿಮೀಟರ್ ದಾಟುತ್ತೆ, ಅದೇ ಹಳಿಯಾಳ ಮುಂಡಗೋಡಕ್ಕೆ ಬಂದ್ರೆ ಅದರರ್ಧಕ್ಕೂ ಬರಲ್ಲ. ಅರಬ್ಬೀ ಸಮುದ್ರದ ಗಾಳಿ ಸಹ್ಯಾದ್ರಿಗೆ ತಾಗಿ ಮೇಲೇರಿ ಮಳೆ ಸುರಿಸಿ, ಆಚೆ ಇಳಿಯೋ ಹೊತ್ತಿಗೆ ಒಣಗಿ ಹೋಗೋದು ನಿಮ್ಮ ಹಾಳೆ ಮೇಲೆ ತಾನಾಗಿ ಕಾಣಿಸ್ತು. ಸಾಲು ಬದಲಾಯ್ಸಿದ್ದಷ್ಟೇ, ಅಂಕಿ ಒಂದೂ ಬದಲಾಗಿಲ್ಲ.

ಕಣ್ಣಿಗೆ ಉದ್ದ ಹೋಲಿಸೋದು ಸುಲಭ, ಕೋನ ಹೋಲಿಸೋದು ಕಷ್ಟ, ಬಣ್ಣದ ಗಾಢತೆ ಹೋಲಿಸೋದು ಇನ್ನೂ ಕಷ್ಟ. ಇದನ್ನ 1984ರಲ್ಲಿ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಅನ್ನೋ ಇಬ್ಬರು ಅಮೆರಿಕದಲ್ಲಿ ಜನರ ಮೇಲೆ ಪರೀಕ್ಷೆ ಮಾಡಿ ಬರೆದಿಟ್ರು. ಆದ್ರೆ ಪಟ್ಟಿ ಎಳೆಯೋದು ಅದಕ್ಕಿಂತ ಎಷ್ಟೋ ಹಳೇದು, 1786ರಲ್ಲಿ ವಿಲಿಯಂ ಪ್ಲೇಫೇರ್ ಅನ್ನೋವ್ರು ಮಾಡಿದ್ದು. ಬೇರೆ ದೇಶಗಳ ವ್ಯಾಪಾರಕ್ಕೆ ಅವ್ರ ಹತ್ರ ವರ್ಷ ವರ್ಷದ ಲೆಕ್ಕ ಇತ್ತು, ಅದಕ್ಕೆ ಗೆರೆ ಎಳೆದ್ರು, ಸ್ಕಾಟ್‌ಲೆಂಡಿನದ್ದು ಮಾತ್ರ ಒಂದೇ ವರ್ಷದ್ದು ಸಿಕ್ಕಿತ್ತು, ಒಂದೇ ವರ್ಷಕ್ಕೆ ಗೆರೆ ಹೇಗೆ ಎಳೆಯೋದು, ಅದಕ್ಕೆ ಪಟ್ಟಿ ಎಳೆದ್ರು. ಪೈ ಚಾರ್ಟೂ ಅವ್ರದ್ದೇ, 1801ರದ್ದು. ಕೈಲಿರೋ ಲೆಕ್ಕ ನೋಡಿ ಆಮೇಲೆ ಚಿತ್ರ ಆರಿಸಿದ್ರು ನೋಡಿ, ಅದು ನನಗೆ ಬಹಳ ಇಷ್ಟ. ನಾವು ಕಂಪ್ಯೂಟರಲ್ಲಿ ಮೊದಲು ಚಂದದ ಟೆಂಪ್ಲೇಟ್ ಆರಿಸ್ತೀವಿ, ಆಮೇಲೆ ಅಂಕಿನ ಅದರೊಳಗೆ ತುರುಕ್ತೀವಿ.

ಸ್ಕೇಲ್ ಇನ್ನೂ ಕೈಲಿದ್ರೆ ಇನ್ನೊಂದು ಮಾಡಿ. 42 ಮಿಲಿಮೀಟರ್ ಅಗಲದ ಒಂದು ಪಟ್ಟೆ ಶುರು ಮಾಡಿ, ಬಲಕ್ಕೆ ಹೋಗ್ತಾ ಹೋಗ್ತಾ ಹತ್ತು ಮಿಲಿಮೀಟರಿಗೆ ಇಳಿಸಿ, ಅಲ್ಲಿಂದ ವಾಪಸ್ ಎಡಕ್ಕೆ ತಂದು ಒಂದು ಮಿಲಿಮೀಟರಿಗೆ ಮುಗಿಸಿ. 1812ರಲ್ಲಿ ನೆಪೋಲಿಯನ್ ರಷ್ಯಾಕ್ಕೆ ಕರ್ಕೊಂಡು ಹೋದ ಸೈನ್ಯ ಅದು. ಷಾರ್ಲ್ ಮಿನಾರ್ಡ್ ಅನ್ನೋ ಫ್ರಾನ್ಸಿನ ಎಂಜಿನಿಯರ್ 1869ರಲ್ಲಿ, 88ನೇ ವಯಸ್ಸಲ್ಲಿ ಬರೆದದ್ದು, ಹತ್ತು ಸಾವಿರ ಜನಕ್ಕೆ ಒಂದು ಮಿಲಿಮೀಟರ್. ಹೊರಟವ್ರು 4,22,000, ಮಾಸ್ಕೋ ಮುಟ್ಟಿದವ್ರು ಒಂದು ಲಕ್ಷ, ತಿರುಗಿ ಬಂದವ್ರು ಹತ್ತು ಸಾವಿರ. ವಾಪಸ್ ದಾರಿಯ ಕೆಳಗೆ ಚಳಿ ಎಷ್ಟಿತ್ತು ಅಂತಾನೂ ಗೆರೆ ಎಳೆದಿದ್ದಾರೆ. ಕೊನೆಯ ಆ ಒಂದು ಮಿಲಿಮೀಟರ್ ನಿಮ್ಮ ಕೈಯಾರೆ ಎಳೆದಾಗ ಹೊಟ್ಟೆಯೊಳಗೆ ಏನೋ ಆಗುತ್ತೆ, ಅದು ಟೇಬಲ್ ಓದಿದ್ರೆ ಆಗಲ್ಲ.

ಈಗ ಹೊನ್ನಾವರದ ಶರಾವತಿ ದಂಡೆಯವ್ರಿಗೆ ಬೇಕಾದ ಮಾತು. ಶರಾವತಿಗೆ ಕಟ್ಟಿರೋ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಮಟ್ಟ 1819 ಅಡಿ ಅಂತ ಮಕ್ಕಳಿಗೂ ಬಾಯಿಪಾಠ. ಪಟ್ಟಿ ಯಾವಾಗ್ಲೂ ಸೊನ್ನೆಯಿಂದ ಶುರು ಆಗ್ಬೇಕು ಅನ್ನೋದು ಒಳ್ಳೆ ನಿಯಮ, ಆದ್ರೆ ಅದನ್ನ ಇಲ್ಲಿ ಕಣ್ಮುಚ್ಚಿ ಹಾಕಿದ್ರೆ ಮೋಸ ಆಗುತ್ತೆ. 1819 ಅನ್ನೋದು ಸಮುದ್ರ ಮಟ್ಟದಿಂದ ಅಳೆದದ್ದು, ಅಣೆಕಟ್ಟು ನಿಂತಿರೋ ನೆಲವೇ ಸಮುದ್ರಕ್ಕಿಂತ ಸಾವಿರದೈನೂರು ಅಡಿಗೂ ಮೇಲಿದೆ. ಸೊನ್ನೆಯಿಂದ ಎಳೆದ್ರೆ 1750 ಅಡಿ ಇದ್ದಾಗ ಪಟ್ಟಿ ನೂರಕ್ಕೆ 96 ಭಾಗ ತುಂಬಿದ ಹಾಗೆ ಕಾಣುತ್ತೆ, ನಿಜಕ್ಕೂ ಆಗ ನೀರು ಅರ್ಧಕ್ಕಿಂತ ಎಷ್ಟೋ ಕಡಿಮೆ. ಇನ್ನೊಂದು, ಜಲಾಶಯ ಮೇಲೆ ಹೋದಷ್ಟೂ ಅಗಲ ಆಗ್ತಾ ಹೋಗುತ್ತೆ, ಮೇಲಿನ ಒಂದು ಅಡಿಯಲ್ಲಿ ಹಿಡಿಯೋ ನೀರು ಕೆಳಗಿನ ಒಂದು ಅಡಿಗಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಅಡಿ ಬಿಟ್ಟು ಟಿಎಂಸಿಯಲ್ಲಿ ಪಟ್ಟಿ ಎಳೀರಿ, ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು, ಒಟ್ಟು 151 ಟಿಎಂಸಿ ಚಿಲ್ಲರೆ, ತುಂಬಿದ್ದಕ್ಕೆ ಬಣ್ಣ, ಖಾಲಿ ಇರೋದು ಬಿಳಿ.

ದಂಡೆ ಮೇಲಿನವ್ರಿಗೆ ಬೇಕಾಗಿರೋದು ಆ ಬಿಳಿ ಭಾಗವೇ, ಇನ್ನು ಎಷ್ಟು ಹೊತ್ತಿಗೆ ಅದು ತುಂಬಿ ನೀರು ಹೊಳೆಗೆ ಬಿಡೋ ಹಾಗಾಗುತ್ತೆ, ಸಾಮಾನು ಅಟ್ಟಕ್ಕೆ ಹಾಕ್ಬೇಕಾ, ದನಗಳನ್ನ ಹೊಡ್ಕೊಂಡು ಹೋಗ್ಬೇಕಾ. ಒಳಹರಿವು ಒಂದು ಲಕ್ಷ ಕ್ಯೂಸೆಕ್ಸ್, ಅಂದ್ರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ಇದ್ರೆ ಒಂದು ದಿನಕ್ಕೆ 8.64 ಟಿಎಂಸಿ ಬರುತ್ತೆ. ಹತ್ತು ಟಿಎಂಸಿ ಜಾಗ ಉಳಿದಿದ್ದು ಹೊರಗೆ ಏನೂ ಬಿಡ್ತಿಲ್ಲ ಅಂದ್ರೆ ಇಪ್ಪತ್ತೆಂಟು ಗಂಟೆ ಹತ್ತಿರ. ಆ ಗಂಟೆನ ದೊಡ್ಡ ಅಕ್ಷರದಲ್ಲಿ ಪಟ್ಟಿ ಪಕ್ಕ ಬರೀರಿ, ಕ್ಯೂಸೆಕ್ಸು ಟಿಎಂಸಿ ಕೆಳಗೆ ಸಣ್ಣಕ್ಕೆ ಇರ್ಲಿ. ಈ ಲೆಕ್ಕನ ಗಾಬರಿಯಲ್ಲಿರೋ ಮನೆಯವ್ರ ತಲೆಗೆ ಹಾಕೋದು ಸರಿಯಲ್ಲ, ಚಿತ್ರ ಮಾಡುವವ್ರೇ ಮಾಡಿ ಕೊಡ್ಬೇಕು.

ಮೀನುಗಾರರಿಗೂ ಇದೇ. ಉಬ್ಬರ ಇಳಿತದ ಟೇಬಲಲ್ಲಿ ಬರೀ ಟೈಮು, ಎತ್ತರ ಇರುತ್ತೆ, ದಿನಕ್ಕೆ ಎರಡು ಏರು ಎರಡು ಇಳಿ, ಮರುದಿನ ಸುಮಾರು 50 ನಿಮಿಷ ತಡ, ಹುಣ್ಣಿಮೆ ಅಮಾಸೆಗೆ ಜೋರು, ಅಷ್ಟಮಿ ಹತ್ರ ಮಂದ. ಅದನ್ನೇ ಅಲೆಯಾಕಾರದ ಗೆರೆ ಮಾಡಿ, ಅಳಿವೆ ದಾಟೋಕೆ ನಿಮ್ಮ ದೋಣಿಗೆ ಉಬ್ಬರ ಎಷ್ಟು ಎತ್ತರ ಬೇಕೋ ಅಷ್ಟಕ್ಕೆ ಅಡ್ಡ ಗೆರೆ ಹಾಕಿದ್ರೆ, ಅದಕ್ಕಿಂತ ಮೇಲಿರೋ ಹೊತ್ತೇ ದಾಟೋ ಹೊತ್ತು. ಗಾಳಿ, ಅಲೆ ಬೇರೆ ನೋಡ್ಕೋಬೇಕು ಬಿಡಿ.

ಬಣ್ಣದ ಬಗ್ಗೆ ಒಂದೇ ಮಾತು, ಕೆಂಪು ಹಸಿರು ಬೇರೆ ಮಾಡಿ ನೋಡೋಕೆ ಆಗದ ಗಂಡಸರು ನಾವಂದ್ಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ, ಅಪಾಯ ಅನ್ನೋದನ್ನ ಬರೀ ಕೆಂಪಲ್ಲಿ ಹೇಳ್ಬೇಡಿ, ಅಕ್ಷರದಲ್ಲೂ ಬರೀರಿ. ಮತ್ತೆ ದಯವಿಟ್ಟು ಚಿತ್ರದ ಒಳಗೇ, ಕೆಳಗಿನ ಮೆಸೇಜಲ್ಲಿ ಅಲ್ಲ, ಚಿತ್ರದ ಒಳಗೇ ತಾರೀಖು, ವರ್ಷ, ಗಂಟೆ, ಅಂಕಿ ಯಾವ ಕಚೇರಿಯದ್ದು ಅಂತ ಹಾಕಿ. ಫಾರ್ವರ್ಡ್ ಆಗುವಾಗ ಮೆಸೇಜ್ ಉದುರಿ ಹೋಗುತ್ತೆ, ಚಿತ್ರ ಒಂದೇ ಊರೂರು ತಿರುಗುತ್ತೆ, ಹೋದ ವರ್ಷದ ಪ್ರವಾಹದ ಚಾರ್ಟ್ ಈ ವರ್ಷ ಜುಲೈನಲ್ಲಿ ಬಂದ್ರೂ ನೋಡಿದವ್ರಿಗೆ ತಕ್ಷಣ ಗೊತ್ತಾಗ್ಬೇಕು. ನಮಸ್ಕಾರ.