ವೆಸ್ಟ್ ಕೋಸ್ಟ್ ಟ್ರೇಲ್: ಇಬ್ಬರ ಹೊರೆ, ಕಡಲಿನ ಗಡಿಯಾರ

ಎಲ್ಲರಿಗೂ ನಮಸ್ಕಾರ. ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮ ಅಂಚಿನಲ್ಲಿ ಪಚೀನಾ ಬೇಯಿಂದ ಗಾರ್ಡನ್ ರಿವರ್‌ವರೆಗೆ 75 ಕಿಲೋಮೀಟರ್ ಉದ್ದದ ಕಾಲುದಾರಿಯಿದೆ. ಅದೇ ವೆಸ್ಟ್ ಕೋಸ್ಟ್ ಟ್ರೇಲ್. ಇದು ವಿಹಾರಕ್ಕೆಂದು ಮಾಡಿದ ದಾರಿಯಲ್ಲ. 1906ರ ಜನವರಿಯಲ್ಲಿ ವೇಲೆನ್ಸಿಯಾ ಎಂಬ ಹಡಗು ಇಲ್ಲಿ ಬಂಡೆಗೆ ಬಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ, ಹಡಗೊಡೆದು ದಡ ಸೇರಿದವರನ್ನು ಕಾಪಾಡಲು ಹಳೆಯ ಟೆಲಿಗ್ರಾಫ್ ತಂತಿಯ ಜಾಡನ್ನೇ ಹಿಗ್ಗಿಸಿದರು. ಕಾಡಿನ ಕೆಸರು, ಕಡಿದಾದ ಕಣಿವೆಗೆ ಇಳಿಬಿಟ್ಟ ಮರದ ಏಣಿಗಳು, ಬಂಡೆಗಳ ತೀರ, ಎಲ್ಲವೂ ಒಂದೇ ದಿನದಲ್ಲಿ ಎದುರಾಗಬಹುದು. ದಕ್ಷಿಣದ ಕೊನೆಯಲ್ಲಂತೂ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೆ ದೊಡ್ಡದು.

ಇಬ್ಬರು ಹೊರಟಾಗ ಮಾಡುವ ಮೊದಲ ತಪ್ಪು ಹೊರೆ ಹಂಚುವುದರಲ್ಲೇ ಆಗುತ್ತದೆ. ತೂಕ ನೋಡಿ ಅರ್ಧರ್ಧ ಮಾಡಿಕೊಳ್ಳುತ್ತಾರೆ: ಒಲೆ ಒಬ್ಬರ ಚೀಲದಲ್ಲಿ, ಗ್ಯಾಸ್ ಇನ್ನೊಬ್ಬರದರಲ್ಲಿ. ಒಬ್ಬರು ತೀರದಲ್ಲಿ, ಒಬ್ಬರು ಕಾಡಿನ ದಾರಿಯಲ್ಲಿ ಸಿಕ್ಕಿಕೊಂಡ ಸಂಜೆ ಎರಡೂ ಕೆಲಸಕ್ಕೆ ಬಾರವು. ಲೆಕ್ಕ ಹೀಗಿರಲಿ: ಒಬ್ಬರೇ ಉಳಿದರೂ ಒಂದು ರಾತ್ರಿ ಕಳೆಯುವಂತಿರಬೇಕು. ಸ್ಲೀಪಿಂಗ್ ಬ್ಯಾಗ್, ಮಳೆಯಂಗಿ, ಲೈಟರ್, ತಲೆದೀಪ, ಸೀಟಿ, ನೀರು ಶುದ್ಧಿಯ ಮಾತ್ರೆ, ಒಂದು ದಿನದ ಊಟ, ಇವನ್ನು ಯಾರೂ ಹಂಚಿಕೊಳ್ಳಬಾರದು. ಟೆಂಟು, ಒಲೆ, ಪಾತ್ರೆ, ಫಿಲ್ಟರ್, ಹಗ್ಗ ಮಾತ್ರ ಜಂಟಿ. ಟೆಂಟಿನ ಒಳಗೂಡು ಒಬ್ಬರಿಗೆ, ಮೇಲ್ಹೊದಿಕೆ ಇನ್ನೊಬ್ಬರಿಗೆ; ಮೇಲ್ಹೊದಿಕೆಯೊಂದೇ ಇದ್ದರೂ ಮಳೆಗೆ ಮರೆಯಾದೀತು.

ಒಣ ಆಹಾರ ತಲಾ ದಿನಕ್ಕೆ 650 ಗ್ರಾಂ. ಏಳು ದಿನದ ನಡಿಗೆಗೆ ಎಂಟು ದಿನದ ಊಟ, ಅಂದರೆ ತಲಾ 5.2 ಕಿಲೋ. ಗ್ಯಾಸು ಇಬ್ಬರಿಗೆ ದಿನಕ್ಕೆ 50ರಿಂದ 60 ಗ್ರಾಂ. 230 ಗ್ರಾಂನ ಎರಡು ಡಬ್ಬಿ ಸಾಕು. ವಿಮಾನದಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ, ಅಲ್ಲಿಗೆ ಹೋಗಿಯೇ ಕೊಳ್ಳಬೇಕು. ಒಲೆಯ ತಿರುಪು ಆ ಡಬ್ಬಿಗೆ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಬಿಡಿ.

ಇನ್ನು ಕಡಲಿನ ಗಡಿಯಾರ. ಇಲ್ಲಿ ನೋಡಬೇಕಾದ್ದು ಟೊಫೀನೊ ಬಂದರಿನ ಉಬ್ಬರವಿಳಿತದ ಕೋಷ್ಟಕ. ದಕ್ಷಿಣದಲ್ಲಿ ಓವನ್ ಪಾಯಿಂಟ್ ಎಂಬ ಮೂಲೆಯಿದೆ, ನೀರು 1.8 ಮೀಟರಿಗಿಂತ ಕೆಳಗಿದ್ದರಷ್ಟೇ ಅದನ್ನು ಸುತ್ತಿ ಹೋಗಬಹುದು. ಕೋಷ್ಟಕದಲ್ಲಿ ಬೆಳಿಗ್ಗೆ 7ಕ್ಕೆ ಇಳಿತ 0.6 ಮೀಟರ್, ಮಧ್ಯಾಹ್ನ 1ಕ್ಕೆ ಉಬ್ಬರ 3.0 ಮೀಟರ್ ಎಂದಿದೆ ಎನ್ನೋಣ. ವ್ಯತ್ಯಾಸ 2.4, ಅದರ ಹನ್ನೆರಡನೇ ಒಂದು ಪಾಲು 0.2. ನೀರು ಸಮನಾಗಿ ಏರುವುದಿಲ್ಲ. ಮೊದಲ ಗಂಟೆ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು-ನಾಲ್ಕನೆಯವುಗಳಲ್ಲಿ ಮೂರು ಮೂರು, ಆಮೇಲೆ ಎರಡು, ಒಂದು. 8ಕ್ಕೆ 0.8, 9ಕ್ಕೆ 1.2, 10ಕ್ಕೆ ಸರಿಯಾಗಿ 1.8. ಇದು ಅಂದಾಜಿನ ಲೆಕ್ಕ, ಅಲೆಯ ಎತ್ತರವೂ ಇದರಲ್ಲಿ ಸೇರಿಲ್ಲ. ಹಾಗಾಗಿ 9ರೊಳಗೆ ಮೂಲೆ ದಾಟಿರಬೇಕು.

ಎಡವುವುದು ಕೈಗಡಿಯಾರದಲ್ಲಿ. ಅಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುತ್ತಾರೆ, ಅದೇ ಬೇಸಿಗೆ ಸಮಯ. ಕೋಷ್ಟಕದಲ್ಲಿ ಅದನ್ನು ಸೇರಿಸಿಲ್ಲದಿದ್ದರೆ ಒಂದು ಗಂಟೆ ಕೂಡಿಸಬೇಕು. ಕೂಡಿಸದೆ ಮರೆತರೆ, ಇಳಿಯುವ ನೀರಿಗೆ ಒಂದು ಗಂಟೆ ಮೊದಲೇ ಹೋಗಿ ನಿಂತಿರುತ್ತೀರಿ. ಅದಾದರೂ ಕಾದರೆ ಮುಗಿಯಿತು. ಆಗಲೇ ಸೇರಿಸಿದ್ದಕ್ಕೆ ಮತ್ತೊಂದು ಗಂಟೆ ಕೂಡಿಸಿದರೆ ಅಪಾಯ: 10 ಗಂಟೆಯ ಗಡುವು ನಿಮ್ಮ ಚೀಟಿಯಲ್ಲಿ 11 ಆಗಿರುತ್ತದೆ, ಅಷ್ಟರಲ್ಲಿ ನೀರು ಇನ್ನೂ 0.6 ಮೀಟರ್ ಏರಿರುತ್ತದೆ. ಆದ್ದರಿಂದ ಇಬ್ಬರೂ ಹಿಂದಿನ ಸಂಜೆ ಬೇರೆ ಬೇರೆ ಕೂತು ಲೆಕ್ಕ ಮಾಡಿ, ಆಮೇಲೆ ಚೀಟಿ ಹೋಲಿಸಿ. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ತಲೆಯಾಡಿಸುವುದು ಲೆಕ್ಕ ನೋಡಿದಂತಲ್ಲ.

ಏಣಿಯಲ್ಲಿ ಒಮ್ಮೆಗೆ ಒಬ್ಬರೇ. ಊರುಗೋಲು ಮಡಚಿ ಚೀಲಕ್ಕೆ ಸಿಕ್ಕಿಸಿ, ಕೈ ಎರಡೂ ಖಾಲಿಯಿರಲಿ. ಕೆಳಗಿರುವವರು ಪಕ್ಕಕ್ಕೆ ಸರಿದು ನಿಲ್ಲಬೇಕು. ಮೇಲಿನಿಂದ ನೀರಿನ ಬಾಟಲಿಯೇ ಬಿದ್ದೀತು.

ಕೆಲವು ಹೊಳೆಗಳ ಮೇಲೆ ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ಲೋಹದ ತೊಟ್ಟಿಲಿದೆ, ಇಬ್ಬರು ಹೊರೆಸಮೇತ ಕೂರಬಹುದು. ಹತ್ತುವಾಗ ಅದು ಜಾರುತ್ತದೆ. ಒಬ್ಬರು ಎಳೆಹಗ್ಗ ಬಿಗಿಹಿಡಿದಿರಲಿ, ಇನ್ನೊಬ್ಬರು ಚೀಲ ಇಟ್ಟು ಕೂರಲಿ. ಮಧ್ಯದವರೆಗೆ ತೊಟ್ಟಿಲು ತಾನೇ ಓಡುತ್ತದೆ, ಅಲ್ಲಿಂದಾಚೆ ಏರು. ಒದ್ದೆ ಹಗ್ಗ ಅಂಗೈ ಸುಲಿಯುತ್ತದೆ, ಕೈಗವಸು ಬೇಕು. ಬೆರಳು, ಬಿಟ್ಟ ಕೂದಲು ರಾಟೆಯಿಂದ ದೂರವಿರಲಿ. ತೊಟ್ಟಿಲಿಲ್ಲದೆ ನಡೆದು ದಾಟುವ ಕಡೆ ಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿಟ್ಟುಕೊಳ್ಳಿ, ಬಿದ್ದರೆ ಹೊರೆ ಕಳಚಿಹೋಗಬೇಕು.

ಕರಡಿಯಿರುವ ಕಾಡಿದು. ಊಟ ಮಾತ್ರವಲ್ಲ, ಟೂತ್‌ಪೇಸ್ಟೂ ಸೋಪೂ ಸಂಜೆ ತಂಗುದಾಣದ ಲೋಹದ ಪೆಟ್ಟಿಗೆಗೆ ಹೋಗಬೇಕು. ಪೆಟ್ಟಿಗೆ ತುಂಬಿದ್ದರೆ ನೆಲದಿಂದ 4 ಮೀಟರ್ ಎತ್ತರಕ್ಕೆ, ಬೊಡ್ಡೆಯಿಂದ 3 ಮೀಟರ್ ಆಚೆಗೆ ತೂಗುಹಾಕಿ. ಜಂಟಿ ಹಗ್ಗ ಬೇಕಾಗುವುದು ಇಲ್ಲಿಯೇ.

ಕೊನೆಯದಾಗಿ ನಿಟಿನಾಟ್ ನ್ಯಾರೋಸ್ ಎಂಬ ಕಿರಿದಾದ ನೀರಿನ ಕಾಲುವೆ, ಪಚೀನಾ ಬೇಯಿಂದ ಸುಮಾರು 32ನೇ ಕಿಲೋಮೀಟರಿನಲ್ಲಿ. ಸೇತುವೆಯಿಲ್ಲ, ಸೆಳೆತ ಜೋರು, ಈಜುವ ಮಾತೇ ಬೇಡ. ದೋಣಿಯೇ ಗತಿ, ಅದೂ ನಿಗದಿತ ಹೊತ್ತಿನೊಳಗೆ ಮಾತ್ರ. ಕೊನೆಯ ದೋಣಿಯ ಸಮಯವನ್ನು ಹೊರಡುವ ಮುನ್ನ ನಡೆಯುವ ಕಡ್ಡಾಯ ಮಾಹಿತಿ ಸಭೆಯಲ್ಲೇ ಕೇಳಿ ಇಬ್ಬರ ಚೀಟಿಯಲ್ಲೂ ಬರೆದುಕೊಳ್ಳಿ.