ಕನಿಷ್ಠ ವೇತನ ಏರಿಸಿದರೆ ಕೆಲಸ ಹೋಗುತ್ತಾ? ಕೂಲಿಯ ಹಿಂದಿನ ಬಲಾಬಲ

ನಮಸ್ಕಾರ.

ಕನಿಷ್ಠ ವೇತನ ಏರಿಸುತ್ತೇವೆ ಅಂತ ಯಾವ ದೇಶದ ಸರ್ಕಾರ ಬಾಯಿಬಿಟ್ಟರೂ, ಮರುದಿನವೇ ಒಂದು ಎಚ್ಚರಿಕೆ ಬರುತ್ತದೆ. "ಏರಿಸಿ, ಆಮೇಲೆ ಕೆಲಸ ಹೋಯಿತು ಅಂತ ಅಳಬೇಡಿ." ಹೀಗೆ ಹೇಳುವವರೆಲ್ಲ ಸುಮ್ನೆ ಬೆದರಿಸುತ್ತಿದ್ದಾರೆ ಅನ್ನುವ ಹಾಗಿಲ್ಲ. ಅರ್ಥಶಾಸ್ತ್ರದ ಮೊದಲ ಪಾಠವೇ ಅದು. ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ. ಕೂಲಿಯೂ ಒಂದು ಬೆಲೆ ತಾನೆ? ಅದು ಏರಿದರೆ ಆಳು ಇಟ್ಟುಕೊಳ್ಳುವವರು ಕಡಿಮೆಯಾಗಲೇಬೇಕು. ಕೇಳೋಕೆ ಸರಿಯಾಗೇ ಇದೆ, ಅಲ್ವಾ?

ಈ ಮಾತನ್ನು ಇಬ್ಬರು ಫೋನ್ ಹಿಡಿದು ಪರೀಕ್ಷೆ ಮಾಡಿದರು. ಅಲ್ಲಿಂದ ಶುರು ಮಾಡೋಣ.

[ಪರದೆ: ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ನಕ್ಷೆ. ನಡುವೆ ಡೆಲವೇರ್ ನದಿ.]

ಅಮೆರಿಕದ ಅಕ್ಕಪಕ್ಕದ ಎರಡು ರಾಜ್ಯಗಳು, ನಡುವೆ ಒಂದು ನದಿ. 1992ರ ಏಪ್ರಿಲ್ 1ರಂದು ನ್ಯೂಜೆರ್ಸಿ ತನ್ನ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು. ನದಿಯ ಆಚೆ ಪೆನ್ಸಿಲ್ವೇನಿಯಾದಲ್ಲಿ 4.25 ಡಾಲರೇ ಉಳಿಯಿತು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರಿಗೆ ಇದು ತಾನಾಗಿ ಒದಗಿಬಂದ ಪ್ರಯೋಗದ ಹಾಗೆ ಕಂಡಿತು. ಎರಡೂ ಕಡೆ ಒಟ್ಟು 410 ಫಾಸ್ಟ್‌ಫುಡ್ ಮಳಿಗೆಗಳನ್ನು ಆರಿಸಿಕೊಂಡರು. ವೇತನ ಏರುವ ಮೊದಲು ಫೋನ್ ಮಾಡಿ ಎಷ್ಟು ಜನ ಕೆಲಸಕ್ಕಿದ್ದಾರೆ ಅಂತ ಕೇಳಿದರು. ವರ್ಷದ ಕೊನೆಯಲ್ಲಿ ಮತ್ತೆ ಕೇಳಿದರು.

ಇಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. ಎರಡನೇ ಸಲ ಕೆಲವು ಮಳಿಗೆಯವರು ಫೋನಿಗೆ ಸಿಗಲಿಲ್ಲ. ಹೋಗಲಿ ಬಿಡು ಅಂತ ಅವರನ್ನು ಪಟ್ಟಿಯಿಂದ ಕಿತ್ತುಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ಅಂಗಡಿ ಇದೆಯೋ, ಮುಚ್ಚಿದೆಯೋ ಅಂತ ನೋಡಿಬರಲು ಆಳು ಕಳಿಸಿದರು. ಕೂಲಿ ಏರಿದ್ದಕ್ಕೇ ಬಾಗಿಲು ಹಾಕಿದ ಅಂಗಡಿಯನ್ನು ಎಣಿಸದೆ ಬಿಟ್ಟರೆ ಲೆಕ್ಕವೇ ಸುಳ್ಳಾಗುತ್ತದೆ, ನೋಡಿ.

ಕೊನೆಗೆ ಸಿಕ್ಕಿದ್ದೇನು? ಇಬ್ಬರು ಅರೆ ಹೊತ್ತಿನವರನ್ನು ಒಬ್ಬ ಪೂರ್ತಿ ಹೊತ್ತಿನವರು ಅಂತ ಹಿಡಿದರೆ, ನ್ಯೂಜೆರ್ಸಿಯ ಮಳಿಗೆಯಲ್ಲಿ ಸರಾಸರಿ 20.44 ಜನರಿದ್ದದ್ದು 21.03 ಆಗಿತ್ತು. ಕೂಲಿ ಏರಿಸದ ಪೆನ್ಸಿಲ್ವೇನಿಯಾದಲ್ಲಿ 23.33 ಇದ್ದದ್ದು 21.17ಕ್ಕೆ ಇಳಿದಿತ್ತು. ಕೆಲಸ ಕಡಿಮೆಯಾಗಬೇಕಿದ್ದ ಕಡೆ ಆಗಲಿಲ್ಲ. ನ್ಯೂಜೆರ್ಸಿಯಲ್ಲಿ ಊಟದ ಬೆಲೆ ಮಾತ್ರ ಸ್ವಲ್ಪ ಏರಿತ್ತು. ಅಂದರೆ ಹೊರೆಯ ಒಂದು ಪಾಲು ಗಿರಾಕಿಗಳ ಮೇಲೆ ಬಿದ್ದಿತ್ತು.

1994ರಲ್ಲಿ ಇದು ಅಚ್ಚಾದಾಗ ದೊಡ್ಡ ಗಲಾಟೆಯೇ ಆಯಿತು. ಡೇವಿಡ್ ನ್ಯೂಮಾರ್ಕ್, ವಿಲಿಯಂ ವಾಷರ್ ಎಂಬವರು ಮಳಿಗೆಗಳ ಸಂಬಳದ ದಾಖಲೆ ತರಿಸಿಕೊಂಡು, ಇಲ್ಲ, ಕೆಲಸ ಕಡಿಮೆಯಾಗಿದೆ ಅಂದರು. ಕಾರ್ಡ್ ಮತ್ತು ಕ್ರೂಗರ್ 2000ದಲ್ಲಿ ಸರ್ಕಾರಿ ಅಂಕಿಅಂಶ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದರು. ಆಗಲೂ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ಈ ವಿಷಯದಿಂದ ತನಗೆ ಎಷ್ಟೋ ಗೆಳೆಯರು ದೂರವಾದರು, ಹಾಗಾಗಿ ಆಮೇಲೆ ಇದರ ಗೊಡವೆಗೇ ಹೋಗಲಿಲ್ಲ ಅಂತ ಕಾರ್ಡ್ ಒಂದು ಸಂದರ್ಶನದಲ್ಲಿ ಹೇಳಿದ್ದುಂಟು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ಸರಿ. ಕೂಲಿ ಏರಿದರೂ ಕೆಲಸ ಯಾಕೆ ಹೋಗಲಿಲ್ಲ? ವಿಷಯದ ತಿರುಳು ಇಲ್ಲಿದೆ. ಸ್ವಲ್ಪ ಲೆಕ್ಕ ಮಾಡೋಣ, ಗಾಬರಿ ಬೇಡ.

[ಪರದೆ: 10 × 100. ಪಕ್ಕದಲ್ಲಿ 11 × 110.]

ಒಬ್ಬ ಮಾಲೀಕರ ಹತ್ತಿರ ಹತ್ತು ಜನ ಕೆಲಸಗಾರರಿದ್ದಾರೆ. ತಲಾ 100 ಕೊಡುತ್ತಾರೆ. ಹನ್ನೊಂದನೆಯ ಆಳು ಬೇಕಾಗಿದೆ, ಆದರೆ 110ಕ್ಕೆ ಕಡಿಮೆ ಯಾರೂ ಬರುತ್ತಿಲ್ಲ. ಹೊಸಬರಿಗೆ 110 ಕೊಟ್ಟು ಹಳಬರಿಗೆ 100 ಕೊಟ್ಟರೆ ಹಳಬರು ಸುಮ್ಮನಿರುತ್ತಾರಾ? ಎಲ್ಲರಿಗೂ 110 ಮಾಡಬೇಕಾಗುತ್ತದೆ. ಆಗ ಆ ಒಬ್ಬ ಹೊಸಬರ ನಿಜವಾದ ಖರ್ಚು 210. ಅವರು ದುಡಿದು ತರುವುದು 150 ಅಂತಿಟ್ಟುಕೊಳ್ಳಿ. ಮಾಲೀಕರು ಏನು ಮಾಡುತ್ತಾರೆ? ಇದ್ದ ಹತ್ತು ಜನರ ಕೈಲೇ ಹನ್ನೊಂದು ಜನರ ಕೆಲಸ ತೆಗೆಸುತ್ತಾರೆ. "ಜನ ಸಿಗ್ತಿಲ್ಲ" ಅನ್ನುವ ಬೋರ್ಡು ಮಾತ್ರ ಬಾಗಿಲಲ್ಲಿ ನೇತಾಡುತ್ತಿರುತ್ತದೆ.

ಈಗ ಸರ್ಕಾರ ಬಂದು ಎಲ್ಲರಿಗೂ 110 ಕೊಡಲೇಬೇಕು ಅನ್ನುತ್ತದೆ. ಹಳಬರಿಗೆ ಹೇಗೂ 110 ಕೊಟ್ಟಾಯಿತು. ಇನ್ನು ಹನ್ನೊಂದನೆಯವರ ಖರ್ಚು ಬರೀ 110, ತರುವುದು 150. ಸೇರಿಸಿಕೊಂಡರೆ ಲಾಭವೇ. ಕೂಲಿಯೂ ಏರಿತು, ಕೆಲಸವೂ ಒಂದು ಜಾಸ್ತಿಯಾಯಿತು. ಹಳಬರಿಗೆ ಹೋದ 100 ಮಾಲೀಕರ ಲಾಭದಿಂದ ಹೋಯಿತು.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಸರ್ಕಾರ 200 ಕೊಡಿ ಅಂದರೆ, 150 ತರುವವರು ಮನೆಗೆ ಹೋಗುತ್ತಾರೆ. ಸಿಯಾಟಲ್ ನಗರ 2014ರಲ್ಲಿ ಹಂತಹಂತವಾಗಿ 15 ಡಾಲರ್ ಮಾಡುವ ಕಾನೂನು ತಂದಿತು. 2016ರಲ್ಲಿ 13 ಡಾಲರ್ ಮುಟ್ಟಿದಾಗ, ಕಡಿಮೆ ಸಂಬಳದವರ ಕೆಲಸದ ಗಂಟೆಗಳು ಕಡಿತವಾದವು ಅಂತ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಹೇಳಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ತಂಡ ಹೋಟೆಲ್ ಕೆಲಸಗಳನ್ನು ನೋಡಿ, ಹಾಗೇನೂ ಆಗಿಲ್ಲ ಅಂದಿತು. ಆದ್ದರಿಂದ ಎಷ್ಟು ಬೇಕಾದರೂ ಏರಿಸಬಹುದು ಅನ್ನುವವರನ್ನೂ ನಾನು ನಂಬುವುದಿಲ್ಲ. ಆದರೆ ಒಂದು ಪೈಸೆ ಏರಿಸಿದರೂ ಕೆಲಸ ಹೋಗುತ್ತದೆ ಅನ್ನುವವರ ವಾದ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಈಗಿರುವ ಕೂಲಿ ಕೆಲಸಗಾರರ ನಿಜವಾದ ಬೆಲೆಗೆ ಸಮ ಅಂತ.

ಸಮ ಇರುವುದು ಯಾವಾಗ? ಈ ಕೆಲಸ ಬೇಡ ಅಂದು ನಾಳೆಯೇ ಇನ್ನೊಂದು ಕಡೆ ಹೋಗುವ ತಾಕತ್ತು ಇದ್ದಾಗ. ಮನೆ ಬಾಡಿಗೆ ತಲೆ ಮೇಲಿದೆ, ಮಕ್ಕಳ ಶಾಲೆ ಹತ್ತಿರದಲ್ಲಿದೆ, ಒಂದು ತಿಂಗಳ ಸಂಬಳ ತಪ್ಪಿದರೂ ಸಾಲ. ಇಂಥವರು ಎಷ್ಟು ಚೌಕಾಸಿ ಮಾಡಿಯಾರು? ಕೆಲಸಗಾರರಿಗೆ ಹೋಗಲು ಬೇರೆ ಕಡೆ ಇಲ್ಲದಿದ್ದಾಗ ಕೂಲಿ ಹೇಗೆ ಕುಸಿಯುತ್ತದೆ ಅನ್ನುವುದನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್‌ಸನ್ 1933ರಲ್ಲೇ ವಿವರಿಸಿದ್ದರು. ಅದಕ್ಕೂ ಹಿಂದೆ 1776ರಲ್ಲಿ, ಕೂಲಿ ಏರದಂತೆ ನೋಡಿಕೊಳ್ಳಲು ಮಾಲೀಕರ ನಡುವೆ ಯಾವಾಗಲೂ ಒಂದು ಒಳ ಒಪ್ಪಂದ ಇರುತ್ತದೆ ಅಂತ ಆಡಂ ಸ್ಮಿತ್ ಬರೆದಿದ್ದರು. ಮಾರುಕಟ್ಟೆಯ ಪರ ಮಾತಾಡುವವರು ದಿನಕ್ಕೆ ಹತ್ತು ಸಲ ಅವರ ಹೆಸರು ಹೇಳುತ್ತಾರೆ. ಈ ಸಾಲು ಮಾತ್ರ ಅವರ ಬಾಯಲ್ಲಿ ಬರುವುದು ಅಪರೂಪ.

ಇದೆಲ್ಲ ಕೂಲಿಯವರ ಪಾಡು, ನಮಗೇನು ಅಂದುಕೊಂಡ ಸಾಫ್ಟ್‌ವೇರ್ ಮಿತ್ರರು ಇಲ್ಲಿ ಕೇಳಿ. ನಿಮ್ಮ ಎಂಜಿನಿಯರುಗಳನ್ನು ನಾವು ಕರೆಯುವುದಿಲ್ಲ, ನಮ್ಮವರನ್ನು ನೀವು ಕರೆಯಬೇಡಿ ಅಂತ ಸಿಲಿಕಾನ್ ವ್ಯಾಲಿಯ ದೊಡ್ಡ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡಿವೆ ಅಂತ ಕೇಸು ಬಿತ್ತು. ಆಪಲ್, ಗೂಗಲ್, ಇಂಟೆಲ್, ಅಡೋಬಿ ನಾಲ್ಕೂ ಸೇರಿ 41.5 ಕೋಟಿ ಡಾಲರ್ ಕೊಟ್ಟು ಅದನ್ನು 2015ರಲ್ಲಿ ಬಗೆಹರಿಸಿಕೊಂಡವು. ಕೈತುಂಬ ಸಂಬಳದವರ ಗತಿಯೇ ಹೀಗಾದರೆ ಪಾತ್ರೆ ತೊಳೆಯುವವರ ಗತಿ ಏನು?

ಇನ್ನು ಅಸಮಾನತೆಯ ವಿಷಯ. ಈ ಕಾನೂನಿನಿಂದ ಬಡವರ ಪಾಡು ನಿಜಕ್ಕೂ ಬದಲಾಗುತ್ತಾ?

ಅಮೆರಿಕ 1938ರಲ್ಲಿ ಇಡೀ ದೇಶಕ್ಕೆ ಕನಿಷ್ಠ ವೇತನ ತಂದಿತು, ಗಂಟೆಗೆ 25 ಸೆಂಟ್. ಆದರೆ ಹೊಲದ ಕೆಲಸದವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಕಪ್ಪು ಜನರಲ್ಲಿ ಹೆಚ್ಚಿನವರಿಗೆ ಸಿಗುತ್ತಿದ್ದ ಕೆಲಸ ಇವೇ. ಕಾನೂನಿನಲ್ಲಿ ಜಾತಿ, ಬಣ್ಣದ ಹೆಸರೇ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. 1966ರಲ್ಲಿ ತಿದ್ದುಪಡಿ ಆಗಿ ಹೋಟೆಲು, ಲಾಂಡ್ರಿ, ಶಾಲೆ, ದೊಡ್ಡ ಹೊಲಗಳ ಕೆಲಸ ಒಳಗೆ ಬಂದವು. ಕಪ್ಪು ಕೆಲಸಗಾರರಲ್ಲಿ ಹತ್ತಿರಹತ್ತಿರ ಮೂರರಲ್ಲಿ ಒಂದು ಪಾಲು ಈ ಕೆಲಸಗಳಲ್ಲಿದ್ದರು. ಎಲೋರಾ ಡೆರೆನೊನ್‌ಕೂರ್ ಮತ್ತು ಕ್ಲೇರ್ ಮೊಂಟಿಯಾಲೂ 2021ರಲ್ಲಿ ಇದರ ಲೆಕ್ಕ ತೆಗೆದರು. ಆ ಕಾಲದಲ್ಲಿ ಕಪ್ಪು, ಬಿಳಿ ಜನರ ಸಂಪಾದನೆಯ ಅಂತರ ಕಡಿಮೆಯಾಯಿತಲ್ಲ, ಅದರಲ್ಲಿ ಶೇ. 20ಕ್ಕೂ ಹೆಚ್ಚು ಈ ಒಂದು ತಿದ್ದುಪಡಿಯಿಂದಲೇ ಆದದ್ದು.

ಮೇಲಿನ ತುದಿಯ ಅಸಮಾನತೆ, ಅಂದರೆ ಷೇರು, ಜಮೀನು, ಪಿತ್ರಾರ್ಜಿತದಿಂದ ಬೆಳೆಯುವ ಸಂಪತ್ತು, ಕನಿಷ್ಠ ವೇತನಕ್ಕೆ ಎಟುಕುವುದಿಲ್ಲ. ಅದು ತೆರಿಗೆಯ ಕೆಲಸ. ಅದಕ್ಕೆ ಬೇರೆಯೇ ವಿಡಿಯೋ ಬೇಕು.

ಹಾಗಾದರೆ ಕನಿಷ್ಠ ವೇತನ ಎಷ್ಟಿರಬೇಕು? ಇದಕ್ಕೊಂದು ಸೊಗಸಾದ ಕೇಸು ಇದೆ.

[ಪರದೆ: ಮೆಲ್ಬರ್ನ್, 1907]

ಆಸ್ಟ್ರೇಲಿಯಾ ಸರ್ಕಾರ ಕೃಷಿ ಯಂತ್ರ ಮಾಡುವ ಕಾರ್ಖಾನೆಗಳಿಗೆ ಒಂದು ಷರತ್ತು ಹಾಕಿತ್ತು. ಹೊರದೇಶದ ಮಾಲಿಗೆ ಸುಂಕ ಹಾಕಿ ನಿಮ್ಮನ್ನು ಕಾಪಾಡುತ್ತೇವೆ. ನೀವು ಕೆಲಸಗಾರರಿಗೆ ನ್ಯಾಯವಾದ ಕೂಲಿ ಕೊಟ್ಟರೆ ಮಾತ್ರ ನೀವು ತಯಾರಿಸಿದ ಮಾಲಿನ ಮೇಲೆ ತೆರಿಗೆ (ಎಕ್ಸೈಸ್) ಇಲ್ಲ. ಹ್ಯೂ ಮೆಕೇ ಎಂಬ ಮಾಲೀಕರು, ನಾನು ನ್ಯಾಯವಾದ ಕೂಲಿಯನ್ನೇ ಕೊಡುತ್ತಿದ್ದೇನೆ ಅಂತ ಅರ್ಜಿ ಹಾಕಿದರು. ನ್ಯಾಯಾಧೀಶ ಹಿಗಿನ್ಸ್ ಮುಂದೆ ಪ್ರಶ್ನೆ ಬಂತು: ನ್ಯಾಯವಾದ ಕೂಲಿ ಅಂದರೆ ಎಷ್ಟು?

ಮಾಲೀಕರಿಗೆ ಎಷ್ಟು ಕೊಡಲು ಆಗುತ್ತದೆ ಅಂತ ಅವರು ಕೇಳಲಿಲ್ಲ. ಸುಮಾರು ಐದು ಜನರ ಮನೆ ನಡೆಯಲು ಎಷ್ಟು ಬೇಕು ಅಂತ ಕೇಳಿದರು. ಬಾಡಿಗೆ, ದಿನಸಿ, ಮಾಂಸ, ಹಾಲು, ಸೌದೆ ಎಲ್ಲ ಕೂಡಿದರೆ ವಾರಕ್ಕೆ 32 ಶಿಲಿಂಗ್ ದಾಟಿತು. ಆಮೇಲೆ ಅವರು ಇದರಲ್ಲಿ ಸೇರದ ವಸ್ತುಗಳ ಪಟ್ಟಿ ಮಾಡಿದರು. ದೀಪ, ಬಟ್ಟೆ, ಬೂಟು, ಪಾತ್ರೆ, ಪತ್ರಿಕೆ, ಟ್ರಾಮಿನ ಚಾರ್ಜು, ಹೊಲಿಗೆ ಯಂತ್ರ, ಮಕ್ಕಳ ಶಾಲೆಯ ಸಾಮಾನು, ಕಾಯಿಲೆ, ಸಾವಿನ ಖರ್ಚು, ಕಾರ್ಮಿಕ ಸಂಘದ ಚಂದಾ, ರಜೆ, ಹೊಗೆಸೊಪ್ಪು ಕೂಡ! ಕೋರ್ಟಿನ ತೀರ್ಪಿನಲ್ಲಿ ಹೊಲಿಗೆ ಯಂತ್ರ ಕಾಣುವುದು ಎಷ್ಟು ಅಪರೂಪ ಯೋಚಿಸಿ. ಕೊನೆಗೆ ದಿನಕ್ಕೆ 7 ಶಿಲಿಂಗ್, ವಾರಕ್ಕೆ 42 ಅಂತ ತೀರ್ಪಾಯಿತು. ಮರುವರ್ಷ ಹೈಕೋರ್ಟು (ಆ ದೇಶದ ಅತಿ ದೊಡ್ಡ ಕೋರ್ಟು ಅದೇ) ಆ ತೆರಿಗೆ ಕಾನೂನನ್ನೇ ಹೊಡೆದುಹಾಕಿತು, ಮೆಕೇ ಪಾರಾದರು. ಆದರೆ ಆ 7 ಶಿಲಿಂಗ್ ಮುಂದೆ ಆಸ್ಟ್ರೇಲಿಯಾದ ಮೂಲ ಕೂಲಿಗೆ ಅಳತೆಗೋಲಾಗಿ ಉಳಿಯಿತು. ಅದು ಗಂಡಸಿನ ಕೂಲಿ ಅನ್ನುವುದನ್ನೂ ಹೇಳಬೇಕು. ಹೆಂಗಸರಿಗೆ ದಶಕಗಟ್ಟಲೆ ಅದರ ಒಂದು ಪಾಲು ಮಾತ್ರ ಸಿಕ್ಕಿತು.

ಒಂದು ಸಲ ಕೂಲಿ ಗೊತ್ತುಮಾಡಿ ಕೈಬಿಟ್ಟರೂ ಆಗಲ್ಲ. ಅಮೆರಿಕದ ಕೇಂದ್ರ ಕನಿಷ್ಠ ವೇತನ 2009ರಿಂದ 7.25 ಡಾಲರಿನಲ್ಲೇ ನಿಂತಿದೆ. ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಕೇಂದ್ರದ ದರ 2.13 ಡಾಲರ್, ಅದೂ 1991ರಿಂದ. ಈ ವರ್ಷಗಳಲ್ಲಿ ಬೆಲೆಗಳು ನಿಂತಿವೆಯಾ? ಯಾವ ಸಂಸದರೂ ಕೂಲಿ ಇಳಿಸಿ ಅಂತ ಮತ ಹಾಕಬೇಕಿಲ್ಲ. ಸುಮ್ಮನೆ ಕೂತರೆ ಸಾಕು, ಬೆಲೆಯೇರಿಕೆ ಆ ಕೆಲಸ ಮಾಡಿಕೊಡುತ್ತದೆ. ಫ್ರಾನ್ಸಿನಲ್ಲಿ ಹಾಗಲ್ಲ. ಅಲ್ಲಿ ಬೆಲೆ ಶೇ. 2 ಏರಿದರೆ ಕನಿಷ್ಠ ವೇತನ ತಾನಾಗಿ ಏರುತ್ತದೆ. ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ. ಕಾರ್ಮಿಕ ಸಂಘದವರು ಮುಂದಿನ ಸಲ ಎಷ್ಟು ಅಂತ ಕೇಳುವುದಕ್ಕಿಂತ, ತಾನಾಗಿ ಏರುವ ಏರ್ಪಾಟು ಕೇಳುವುದು ಜಾಣತನ ಅಂತ ನನ್ನ ಲೆಕ್ಕ.

ದರ ಸರಿಯಾಗಿದ್ದರೂ ಗಂಟೆ ಎಣಿಸುವಾಗ ಕೈಚಳಕ ನಡೆಯುತ್ತದೆ. ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವವರ ಸಂಗತಿ ನೋಡಿ. ಒಂದು ಮನೆಯಲ್ಲಿ ಅರ್ಧ ಗಂಟೆ, ದಾರಿಯಲ್ಲಿ 20 ನಿಮಿಷ, ಇನ್ನೊಂದು ಮನೆಯಲ್ಲಿ ಅರ್ಧ ಗಂಟೆ. ದಾರಿಯ 20 ನಿಮಿಷ ಸಂಬಳದಲ್ಲಿ ಸೇರದಿದ್ದರೆ ಕಾಗದದ ಮೇಲಿನ ದರ ಕಾಗದದ ಮೇಲೇ ಉಳಿಯುತ್ತದೆ. ಬ್ರಿಟನ್ನಿನ ನಿಯಮದ ಪ್ರಕಾರ ಆ ಹೊತ್ತೂ ಕೆಲಸವೇ. ಕಡಿಮೆ ಕೊಟ್ಟ ಮಾಲೀಕರ ಹೆಸರನ್ನು ಅಲ್ಲಿನ ಸರ್ಕಾರ ಬಹಿರಂಗವಾಗಿ ಪ್ರಕಟಿಸುತ್ತದೆ. ಮರ್ಯಾದೆಗಾದರೂ ಅಂಜಲಿ ಅಂತ.

ಆ್ಯಪ್ ಕೆಲಸದಲ್ಲೂ ಜಗಳ ಇರುವುದು ಇದೇ ಜಾಗದಲ್ಲಿ. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಊಬರ್ ಚಾಲಕರ ಪರ ತೀರ್ಪು ಕೊಟ್ಟಿತು. ಚಾಲಕರು ಆ್ಯಪ್ ಆನ್ ಮಾಡಿ ಕಾಯುತ್ತಾ ಕೂತ ಹೊತ್ತೂ ಕೆಲಸದ ಹೊತ್ತು ಅಂದಿತು. ಮುಂದಿನ ತಿಂಗಳು ಕಂಪನಿ, ಸರಿ, ಕನಿಷ್ಠ ವೇತನ ಕೊಡುತ್ತೇವೆ ಅಂತ ಪ್ರಕಟಿಸಿತು. ಆದರೆ ಲೆಕ್ಕ ಶುರುವಾಗುವುದು ಬಾಡಿಗೆ ಒಪ್ಪಿಕೊಂಡ ಕ್ಷಣದಿಂದ. ಕಾಯುವ ಹೊತ್ತು ಚಾಲಕರ ತಲೆಯ ಮೇಲೇ ಉಳಿಯಿತು.

ಆ್ಯಪ್‌ನಲ್ಲಿ ಗಾಡಿ ಓಡಿಸುವವರು, ಡೆಲಿವರಿ ಮಾಡುವವರು ಈ ವಿಡಿಯೋ ನೋಡುತ್ತಿದ್ದರೆ ಒಂದು ದಿನ ಕಾದ ಹೊತ್ತು ಎಷ್ಟು, ಓಡಾಡಿದ ಹೊತ್ತು ಎಷ್ಟು ಅಂತ ಬರೆದಿಟ್ಟು ಕಾಮೆಂಟಿನಲ್ಲಿ ಹಾಕಿ. ದಿನದ ದುಡಿಮೆಯನ್ನು ಎರಡನ್ನೂ ಕೂಡಿದ ಗಂಟೆಗಳಿಂದ ಭಾಗಿಸಿ ನೋಡೋಣ.